ಮೆಟ್ಟಿಲಿಗೆ ಕಸ ಹರಡಿದ ಶನಿವಾರ

ಕಳೆದ ಶನಿವಾರ ಬೆಳಗ್ಗೆ ನಾನು ನನ್ನ ಮನೆಯ ಮೆಟ್ಟಿಲ ಮೇಲೆ ಕೈಯಾರೆ ಕಸ ಸುರಿದೆ. ಒಂದೆರಡು ಮೆಟ್ಟಿಲಲ್ಲ, ಹದಿನೆಂಟು. ಒಣಗಿದ ಹೊಂಗೆ ಎಲೆ, ಉದುರಿದ ಹೂ, ಧೂಳು, ಒಂದು ಚಾಕೊಲೇಟ್ ಕಾಗದ. ಎಲ್ಲವನ್ನೂ ಚೀಲದಿಂದ ಹಿಡಿ ಹಿಡಿಯಾಗಿ ತೆಗೆದು, ಬೀಜ ಬಿತ್ತುವವರ ಹಾಗೆ ಹರಡಿದೆ.

ಎದುರುಮನೆಯ ಸುಮಾ ಬಟ್ಟೆ ಒಣಹಾಕುವುದನ್ನು ಬಿಟ್ಟು ಬಾಲ್ಕನಿಯಿಂದ ಬಗ್ಗಿ ನೋಡಿದಳು. "ಆಂಟಿ, ಹುಷಾರಾಗಿದೀರಾ?"

ಹುಷಾರಾಗಿಯೇ ಇದ್ದೆ. ಆದರೆ ರಸ್ತೆಯ ಈಚೆಯಿಂದ ಆಚೆಗೆ ಕೂಗಿ ಹೇಳುವ ವಿಷಯ ಅದಾಗಿರಲಿಲ್ಲ. "ಆಮೇಲೆ ಹೇಳ್ತೀನಿ ಕಣೇ" ಎಂದೆ. ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಿಬಿಡುತ್ತೇನೆ. (ನನ್ನ ಮನೆಯ ಕಸ ನಿಮಗೇನು ಹೊಸದೇ?)

ನಮ್ಮದು ಆರ್‌ಪಿಸಿ ಲೇಔಟಿನಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಗೆ ಮರಿಸೆಲ್. ಫಿಲಿಪ್ಪೀನ್ಸ್ ದೇಶದವಳು. ಕೆಂಗೇರಿ ಕಡೆಯ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷೂ ಹಾಡೂ ಕಲಿಸುವ ಟೀಚರ್. ಬೆಳಗ್ಗೆ ಏಳಕ್ಕೆ ಮೆಟ್ರೋ ಹಿಡಿಯಲು ಓಡುತ್ತಾಳೆ, ಸಂಜೆ ಐದಕ್ಕೆ ಕೊತ್ತಂಬರಿ ಕಟ್ಟು ಹಿಡಿದು ಬರುತ್ತಾಳೆ. ಭಾನುವಾರ ತಪ್ಪದೆ ಚರ್ಚು. ಸೆಪ್ಟೆಂಬರ್ ಬಂದರೆ ಸಾಕು, ಬಾಗಿಲಿಗೆ ಕ್ರಿಸ್‌ಮಸ್ ನಕ್ಷತ್ರ ಕಟ್ಟುತ್ತಾಳೆ. ಅವರ ಊರಿನಲ್ಲಿ ಹಬ್ಬ ಆಗಲೇ ಶುರುವಂತೆ. ಹಾಗಾಗಿ ನಾವು ಕೆಳಗೆ ಗಣೇಶನಿಗೆ ಮಾವಿನ ತೋರಣ ಕಟ್ಟುವಾಗ ಮೇಲೆ ನಕ್ಷತ್ರ ಮಿನುಗುತ್ತಿರುತ್ತದೆ.

ಅವಳಿಗೆ ಮನೆ ಕೊಡಿಸಿದ್ದು ನಮ್ಮತ್ತೆ. ನಮ್ಮತ್ತೆ ನಿಮಗೆ ಗೊತ್ತಲ್ಲ, ಎಂಬತ್ತೆರಡು ವರ್ಷ, ದಾವಣಗೆರೆ ಕಡೆಯವರು, ಈ ಅಂಕಣಕ್ಕೆ ಆಗಾಗ ಬಂದು ನನ್ನನ್ನು ಬೈದು ಹೋಗುವವರು. ಎರಡು ವರ್ಷದ ಹಿಂದೆ ಮರಿಸೆಲ್ ಮನೆ ನೋಡಲು ಬಂದಾಗ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಈ ಹುಡುಗಿ ಚಪ್ಪಲಿ ಬಿಟ್ಟು, ಪೂಜೆ ಮುಗಿಯುವ ತನಕ ಬಾಗಿಲಲ್ಲೇ ಸದ್ದಿಲ್ಲದೆ ನಿಂತಳು. ಆಮೇಲೆ ತನ್ನ ಕೊರಳಿನ ಶಿಲುಬೆಯನ್ನು ಎತ್ತಿ ಅತ್ತೆಗೆ ತೋರಿಸಿದಳು. "ಅವಳಿಗೂ ದೇವರು ಕೊರಳಾಗೇ ಅದಾನೆ. ಕೊಡು ಮನೆ" ಎಂದರು ಅತ್ತೆ.

ನಾನು ಎರಡೇ ಷರತ್ತು ಹಾಕಿದೆ. ಮನೆಯಲ್ಲಿ ಮಾಂಸ, ಮೀನು ಮಾಡಕೂಡದು. ಮೆಟ್ಟಿಲು ಗುಡಿಸುವುದು ಮೇಲಿನವರ ಕೆಲಸ. ಮೀನಿಲ್ಲದೆ ಊಟವೇ ಇಲ್ಲದ ದ್ವೀಪದಿಂದ ಬಂದವಳು, ಯಾಕೆ ಎಂದು ಒಂದು ಮಾತೂ ಕೇಳದೆ ಒಪ್ಪಿದಳು. ಶನಿವಾರ ಸಂಜೆ ಹೊರಗೆ ಮೀನು ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಾಳೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಇಷ್ಟು ಒಳ್ಳೆಯವಳು ಹೋದ ವಾರ ಇದ್ದಕ್ಕಿದ್ದಂತೆ ಮೆಟ್ಟಿಲು ಗುಡಿಸುವುದನ್ನು ನಿಲ್ಲಿಸಿದಳು.

ಮಂಗಳವಾರ ಸುಮ್ಮನಿದ್ದೆ. ಬುಧವಾರ ಗೊಣಗಿದೆ. ಈಗ ಹೊಂಗೆ ಹೂ ಉದುರುವ ಕಾಲ. ಒಂದು ದಿನ ಬಿಟ್ಟರೆ ಮೆಟ್ಟಿಲ ಮೇಲೆ ಪುರಿ ಚೆಲ್ಲಿದ ಹಾಗಿರುತ್ತದೆ. ಗುರುವಾರ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡಿದೆ. 'ದಯವಿಟ್ಟು ಸ್ವಚ್ಛತೆ ಕಾಪಾಡಿ' ಎಂದು ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲಿ ಕೈ ಮುಗಿದ ಚಿತ್ರ ಹಾಕಿದೆ. (ಬೈಯುವಾಗಲೂ ಕೈ ಮುಗಿಯುವುದನ್ನು ನಮಗೆ ಕಲಿಸಿದ್ದೇ ವಾಟ್ಸ್‌ಆ್ಯಪ್.)

ಉತ್ತರ ಬಂತು. 'ಸಾರಿ ಮ್ಯಾಮ್. ಸಂಡೇ ಕ್ಲೀನ್ ಮಾಡ್ತೀನಿ. ಪ್ರಾಮಿಸ್.'

ಸಂಡೇ! ಕಸ ಗುಡಿಸುವುದಕ್ಕೂ ಮುಹೂರ್ತ ನೋಡುತ್ತಾರೆಯೇ?

ಶನಿವಾರ ಮಧ್ಯಾಹ್ನ ನನ್ನ ನಾಲ್ವರು ಗೆಳತಿಯರು ಊಟಕ್ಕೆ ಬರುವವರಿದ್ದರು. ಗೇಟು ತೆಗೆದರೆ ಮೊದಲು ಕಾಣುವುದೇ ಆ ಮೆಟ್ಟಿಲು. ನನಗೆ ತಡೆಯಲಾಗಲಿಲ್ಲ. ಕಡ್ಡಿ ಪೊರಕೆ ಹಿಡಿದು ಮೇಲೆ ಹೋದೆ. ಗುಡಿಸುವುದರಲ್ಲಿ ಎರಡು ಬಗೆ. ಒಂದು, ಕಸ ಹೋಗಲಿ ಎಂದು ಗುಡಿಸುವುದು. ಇನ್ನೊಂದು, ಒಳಗಿರುವವರಿಗೆ ಕೇಳಿಸಲಿ ಎಂದು ಗುಡಿಸುವುದು. ನನ್ನದು ಯಾವುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬರ್ ಬರ್ ಎಂದು ಹದಿನೆಂಟೂ ಮೆಟ್ಟಿಲು ಇಳಿಸಿಕೊಂಡು ಬಂದು, ಕೊನೆಯ ಕಸವನ್ನು ಚೀಲಕ್ಕೆ ತುಂಬುವ ಹೊತ್ತಿಗೆ ಮೇಲಿನ ಬಾಗಿಲು ತೆರೆಯಿತು.

"ಬೇಡ ಮ್ಯಾಮ್! ಬೇಡ!"

ಬರಿಗಾಲಲ್ಲಿ ಓಡಿ ಬಂದಳು. ಮೆಟ್ಟಿಲು ಥಳಥಳ ಎನ್ನುತ್ತಿತ್ತು. ಅದನ್ನು ನೋಡಿದವಳೇ ಮೇಲಿನ ಮೆಟ್ಟಿಲಲ್ಲಿ ಕುಸಿದು ಕೂತು ಅಳತೊಡಗಿದಳು. ಅವಳ ಶಾಲೆಯ ಮಕ್ಕಳು ಅಳುವ ಹಾಗೆ, ಮುಖ ಮುಚ್ಚಿಕೊಳ್ಳದೆ.

ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ಏನು ನಾಟಕ ಇದು ಎಂದುಕೊಂಡೆ.

"ಅಮ್ಮ ತೀರಿಹೋದ್ರು ಮ್ಯಾಮ್. ಮಂಡೇ."

ಪೊರಕೆ ಕೆಳಗಿಟ್ಟು ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಅವಳು ತನ್ನ ಇಂಗ್ಲಿಷಿನಲ್ಲಿ, ನಡುನಡುವೆ ಎರಡು ವರ್ಷದ ಕನ್ನಡದಲ್ಲಿ, ಹೇಳುತ್ತ ಹೋದಳು. ಅವರ ಊರಿನಲ್ಲಿ ತೀರಿಕೊಂಡವರನ್ನು ಕೂಡಲೇ ಮಣ್ಣು ಮಾಡುವುದಿಲ್ಲವಂತೆ. ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ಅವನು ಬಂದು ಮುಟ್ಟಬೇಕು. ಭಾನುವಾರದ ತನಕ ಅಮ್ಮ ಮನೆಯ ಹಾಲಿನಲ್ಲೇ, ಪೆಟ್ಟಿಗೆಯಲ್ಲಿ, ಹೂವಿನ ನಡುವೆ ಇರುತ್ತಾಳೆ. ಊರಿನವರೆಲ್ಲ ಬಂದು ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಹೋಗುತ್ತಾರೆ. ಅಲ್ಲಿಯವರೆಗೆ ಆ ಮನೆಯವರು ಯಾರೂ ಕಸ ಗುಡಿಸುವಂತಿಲ್ಲ. ಗುಡಿಸಿದರೆ ಅದೇ ಮನೆಯ ಇನ್ನೊಂದು ಜೀವ ಹಿಂದೆಯೇ ಹೋಗುತ್ತದೆ.

"ಅಪ್ಪನಿಗೆ ಹಾರ್ಟ್ ಪ್ರಾಬ್ಲಮ್ ಇದೆ ಮ್ಯಾಮ್" ಎಂದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದು ನಿಮ್ಮ ಊರಿನ ಮನೆಗೆ ತಾನೇ ಮರಿಸೆಲ್? ಇಲ್ಲಿಗೇನು?" ಎಂದೆ.

"ಇದೂ ನನ್ನ ಮನೆ ಅಲ್ವಾ ಮ್ಯಾಮ್?"

ಅಲ್ಲ, ಇದು ನನ್ನ ಮನೆ. ಅಗ್ರಿಮೆಂಟಿನಲ್ಲಿ ಹಾಗೇ ಇದೆ. ಆದರೆ ಆ ಮಾತು ಬಿಟ್ಟು ಬೇರೆ ಕೇಳಿದೆ.

ಊರಿಗೆ ಯಾಕೆ ಹೋಗಲಿಲ್ಲ? ವೀಸಾ ಮುಂದುವರಿಸಲು ಅರ್ಜಿ ಹಾಕಿದ್ದಾಳೆ, ಅದು ಬರುವ ಮುಂಚೆ ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ. ಅಪ್ಪನ ಔಷಧಿ ನಡೆಯುವುದು ಇವಳ ಸಂಬಳದಲ್ಲಿ. ಶಾಲೆಯವರು ರಜೆ ಕೊಟ್ಟರು, ಇವಳೇ ಬೇಡ ಎಂದಳು. ರೂಮಿನಲ್ಲಿ ಒಬ್ಬಳೇ ಕೂತು ಏನು ಮಾಡುವುದು? ನಮಗೆ ಯಾಕೆ ಹೇಳಲಿಲ್ಲ? ಸಾವಿನ ಸುದ್ದಿಯನ್ನು ಇನ್ನೊಬ್ಬರ ಮನೆಗೆ ತರುವುದು ತಪ್ಪೇನೋ ಎಂಬ ಹೆದರಿಕೆ.

ಆ ಐದು ದಿನವೂ ಅವಳು ನನ್ನ ಅಡುಗೆಮನೆಯ ಕಿಟಕಿಯ ಮುಂದೆಯೇ ಬೆಳಗ್ಗೆ ಹೋಗಿದ್ದಾಳೆ, ಸಂಜೆ ಬಂದಿದ್ದಾಳೆ. ಮೆಟ್ಟಿಲ ಮೇಲಿನ ಹೂ ಎಷ್ಟು, ಎಲೆ ಎಷ್ಟು ಎಂದು ನಾನು ಹೇಳಬಲ್ಲೆ. ಅವಳ ಕಣ್ಣು ಊದಿದ್ದನ್ನು ಮಾತ್ರ ನೋಡಿರಲಿಲ್ಲ.

ಕೆಳಗಿಳಿದು ಅತ್ತೆಯ ಹತ್ತಿರ ಹೋದೆ. ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಒಪ್ಪಿಸಿ, "ಅದೆಲ್ಲ ಮೂಢನಂಬಿಕೆ, ಹೆದರ್ಕೋಬೇಡ ಅಂತ ಹೇಳ್ಲಾ ಅತ್ತೆ?" ಎಂದೆ.

ಅತ್ತೆ ಸೊಪ್ಪು ಬದಿಗಿಟ್ಟರು.

"ನಿನ್ನ ಗಂಡ ಊರಿಗೆ ಹೊರಟ್ರೆ ಅವನ ಹಿಂದೇನೇ ಕಸ ಗುಡಿಸ್ತೀಯೇನು?"

"ಇಲ್ಲ."

"ಯಾಕೆ?"

"ಅದು... ಗುಡಿಸಬಾರದು."

"ಅದು ಸೈನ್ಸೇನು?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ.

"ಹೋದೋರು ಊರು ಮುಟ್ಟೋ ತನಕ ನಾವೂ ತಾಳ್ತೀವಿ. ಆ ತಾಯಿ ಇನ್ನಾ ಹೊರಟೇ ಇಲ್ಲ, ಮನೇಲೇ ಅದಾಳೆ. ಅಷ್ಟರಾಗೆ ನೀನು ಪೊರಕೆ ಹಿಡ್ಕೊಂಡು ಹೋಗೀಯಲ್ಲೇ ಶೈಲಾ!" ಎಂದರು. ಆಮೇಲೆ ದನಿ ಇಳಿಸಿ ಕೇಳಿದರು, "ಕಸ ಎಲ್ಲೈತೆ ಈಗ?"

"ಗೇಟಿನ ಒಳಗೆ, ಚೀಲದಲ್ಲಿದೆ."

"ಕಸದ ಗಾಡಿ ಬಂತೇನು?"

ಪಕ್ಕದ ರಸ್ತೆಯಲ್ಲಿ ಕಸದ ಆಟೋದ ಹಾಡು ಕೇಳುತ್ತಿತ್ತು. ಇನ್ನೇನು ನಮ್ಮ ರಸ್ತೆಗೆ ತಿರುಗಬೇಕು.

"ಹಂಗಾರೆ ಗೇಟು ದಾಟಿಲ್ಲ. ಓಡು. ಎಲ್ಲಿತ್ತೋ ಅಲ್ಲೇ ಹಾಕಿ ಬಾ."

ಹೀಗೆ ನಾನು ಗುಡಿಸಿದ ಕಸವನ್ನು ಮತ್ತೆ ಹರಡಿದೆ. ಆಟೋದವರು ಗೇಟಿನ ಮುಂದೆ ಸೀಟಿ ಊದಿದರು. "ಇವತ್ತು ಇಲ್ಲಣ್ಣ" ಎಂದೆ. ಕೈಯಲ್ಲಿ ಕಸದ ಚೀಲ ಹಿಡಿದುಕೊಂಡೇ ಕಸ ಇಲ್ಲ ಎಂದ ಹೆಂಗಸನ್ನು ಅವರು ಬಹಳ ಹೊತ್ತು ನೋಡಿದರು.

ಮರಿಸೆಲ್‌ಗೆ ಮೊದಲು ಅರ್ಥವಾಗಲಿಲ್ಲ. ಬಾಯಿ ತೆರೆದು ನೋಡುತ್ತ ಕೂತಿದ್ದಳು. ಅರ್ಥವಾದ ಮೇಲೆ ಎದ್ದು ಬಂದು ಚೀಲಕ್ಕೆ ತಾನೂ ಕೈ ಹಾಕಿದಳು. "ಇಲ್ಲಿ ಜಾಸ್ತಿ ಇತ್ತು ಮ್ಯಾಮ್" ಎಂದು ತಿರುವಿನ ಮೆಟ್ಟಿಲಿಗೆ ಇನ್ನೊಂದು ಹಿಡಿ ಹಾಕಿದಳು. ಚಾಕೊಲೇಟ್ ಕಾಗದ ಎಲ್ಲಿತ್ತು ಎಂಬುದರಲ್ಲಿ ನಮ್ಮಿಬ್ಬರಿಗೆ ಒಮ್ಮತ ಬರಲಿಲ್ಲ. ಅಳುವಿನ ನಡುವೆಯೇ ಅವಳಿಗೆ ನಗು ಬಂತು, ನನಗೂ ಬಂತು.

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಮಹಡಿ ಹತ್ತಿದವರೇ ಅಲ್ಲ. ಬಂದು ಅವಳ ತಲೆಯ ಮೇಲೆ ಕೈಯಿಟ್ಟು, "ನೋಡವ್ವ, ಕಸ ಆಚೆ ಹೋಗಿಲ್ಲ. ನಿಮ್ಮಪ್ಪಗೆ ಏನೂ ಆಗಂಗಿಲ್ಲ. ನಾನು ಹೇಳ್ತೀನಲ್ಲ" ಎಂದರು. ಅವಳಿಗೆ ಎಷ್ಟು ತಿಳಿಯಿತೋ, ಎಲ್ಲದಕ್ಕೂ ತಲೆಯಾಡಿಸಿದಳು. ಒಂದು ನಂಬಿಕೆಗೆ ಇನ್ನೊಂದು ನಂಬಿಕೆ ಜಾಮೀನು ನಿಂತಂತಿತ್ತು. ಪುರೋಹಿತರೂ ಇಲ್ಲ, ಪಾದ್ರಿಯೂ ಇಲ್ಲ, ಹೊಂಗೆ ಎಲೆಯ ನಡುವೆ ನಾವು ಮೂವರೇ ಇದ್ದೆವು.

ಮಧ್ಯಾಹ್ನ ಗೆಳತಿಯರು ಬಂದರು. "ಏನೇ, ಕೆಲಸದವಳು ಕೈ ಕೊಟ್ಲಾ?" ಎಂದು ಒಬ್ಬಳು ಮೆಟ್ಟಿಲು ನೋಡಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ನಮ್ಮ ಮನೇಲಿ ಸಾವಾಗೈತೆ."

ಊಟ ಬಡಿಸುತ್ತ ನಾನು ಯೋಚಿಸಿದೆ. ನಮ್ಮ ಮನೆಯ ನಿಯಮ ಎಂಬ ಒಂದೇ ಕಾರಣಕ್ಕೆ ಆ ಹುಡುಗಿ ಎರಡು ವರ್ಷ ಮನೆಯಲ್ಲಿ ತನ್ನ ಊರಿನ ಊಟ ಬಿಟ್ಟಿದ್ದಾಳೆ. ಅವಳ ಒಂದು ನಿಯಮಕ್ಕೆ ನಾನು ಐದು ದಿನ ಕಾಯಲಿಲ್ಲ. ಏನಮ್ಮ, ಯಾಕಮ್ಮ ಗುಡಿಸಿಲ್ಲ ಎಂದು ಒಂದು ಮಾತು ಕೇಳಬಹುದಿತ್ತು. ಹದಿನೆಂಟು ಮೆಟ್ಟಿಲು ದೂರದಲ್ಲಿರುವವಳಿಗೆ ಫೋಟೋ ಕಳಿಸಿದೆ.

ಭಾನುವಾರ ಬೆಳಗ್ಗೆ ಅತ್ತೆ, ನಾನು ಇಬ್ಬರೂ ಮೇಲೆ ಹೋದೆವು. ಮರಿಸೆಲ್ ಬಿಳಿ ಅಂಗಿ ತೊಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿದ್ದಳು. ಫೋನಿನಲ್ಲಿ ಒಂದು ಪುಟ್ಟ ಚರ್ಚು, ಬಿಳಿ ಪೆಟ್ಟಿಗೆ, ತುಂಬ ಜನ. ಅವರ ಪ್ರಾರ್ಥನೆಯಲ್ಲಿ ಒಬ್ಬರು ಹೇಳಿದರೆ ಮಿಕ್ಕವರು ಒಟ್ಟಾಗಿ ಉತ್ತರ ಕೊಡುತ್ತಾರೆ. ಅಲ್ಲಿ ನೂರು ದನಿ, ಇಲ್ಲಿ ಇವಳದೊಂದೇ. ಅತ್ತೆ ಸ್ವಲ್ಪ ಹೊತ್ತು ಆಲಿಸಿದರು. ಉತ್ತರ ಕೊಡುವ ಜಾಗ ಎಲ್ಲಿ ಎಂದು ಗೊತ್ತಾದ ಮೇಲೆ, ಆ ಜಾಗ ಬಂದಾಗಲೆಲ್ಲ ಮೆಲ್ಲಗೆ "ಓಂ ನಮಃ ಶಿವಾಯ" ಎನ್ನತೊಡಗಿದರು. ಮರಿಸೆಲ್ ತಿರುಗಿ ನೋಡಲಿಲ್ಲ. ಕೈಯನ್ನು ಮಾತ್ರ ಅತ್ತೆಯ ಕಡೆಗೆ ಚಾಚಿದಳು, ಅತ್ತೆ ಹಿಡಿದುಕೊಂಡರು. ನನಗೆ ಅಳು ಬಂತು.

ಮಣ್ಣು ಮುಚ್ಚಿದ ಮೇಲೆ ಅವಳ ಅಪ್ಪ ಫೋನಿಗೆ ಬಂದರು. ಬಿಸಿಲಿಗೆ ಕಂದಿದ ಸಣ್ಣ ಮುಖ, ಕೈಯಲ್ಲಿ ಟೋಪಿ. ಹೃದಯದ ತೊಂದರೆಯಿದ್ದರೂ ಯಜಮಾನರು ಗಟ್ಟಿಯಾಗಿಯೇ ನಿಂತಿದ್ದರು. ನನ್ನನ್ನು ನೋಡಿ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಏನೋ ಹೇಳಿದರು. ಮರಿಸೆಲ್ ತಡವರಿಸುತ್ತ ತಿಳಿಸಿದಳು.

"ಅಪ್ಪ ಥ್ಯಾಂಕ್ಸ್ ಹೇಳ್ತಾ ಇದಾರೆ ಮ್ಯಾಮ್. ನಮ್ಮ ಅಮ್ಮನಿಗೋಸ್ಕರ ಓನರ್ ಮೆಟ್ಟಿಲು ಗುಡಿಸದೆ ಬಿಟ್ರಲ್ಲ, ಅದಕ್ಕೆ. ಮಗಳಿಗೆ ಅಲ್ಲೂ ಒಂದು ಮನೆ ಇದೆ, ಯೋಚನೆ ಮಾಡಬೇಡ ಅಂತ ಅಮ್ಮನ ಕಿವಿಯಲ್ಲಿ ಹೇಳಿ ಕಳಿಸಿದ್ರಂತೆ."

ನಾನು ಮರಿಸೆಲ್ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು. ನಾನು ಗುಡಿಸಿದ್ದನ್ನು ಅವಳು ಮನೆಯಲ್ಲಿ ಹೇಳಿರಲೇ ಇಲ್ಲ.

ಕ್ಷಮಿಸುವುದು ಅಂದರೆ ಇಷ್ಟೇ ಇರಬಹುದೇ, ನಮ್ಮ ತಪ್ಪನ್ನು ತಮ್ಮ ಮನೆಯವರಿಗೆ ಹೇಳದೆ ಇರುವುದು?