ಸತ್ತ ಟಿವಿಗೆ ಚೆಂಡುಹೂವು

ಎಸ್.ಎಸ್. ಬಡಾವಣೆಯ ಪುಷ್ಪಲತಾ ಬ್ಲೌಸ್ ಹೊಲಿದು ಮನೆ ನಡೆಸುವವಳು. ಗಂಡ ಶಿವಮೂರ್ತಿ ಹೊಸ ಟಿವಿ, ಹೊಸ ಸ್ಪೀಕರ್, ಹೊಸ ಫೋನು ತಂದಾಗಲೆಲ್ಲ ಹಳೆಯದು ಅವಳ ಹೊಲಿಗೆ ಕೋಣೆಗೆ ಬೀಳುತ್ತಿತ್ತು. ಅದರ ಧೂಳು ಒರೆಸುವುದೂ ಅವಳ ಪಾಲಿಗೇ. ಕೊನೆಗೆ ಜಾಗವಿಲ್ಲದೆ ಹೊಲಿಗೆ ಮಷಿನ್ನೇ ವರಾಂಡಕ್ಕೆ ಬಂದು ತುಕ್ಕು ಹಿಡಿಯತೊಡಗಿತು.

ಆಯುಧಪೂಜೆಯ ಬೆಳಿಗ್ಗೆ ಅವನು, "ಕೋಣೆಯಾಗಿನವನ್ನೆಲ್ಲ ಒರೆಸಿ ವಿಭೂತಿ ಹಚ್ಚೇ, ಒಂದು ಕಾಲಕ್ಕೆ ದುಡಿದಂಥವು," ಎಂದ.

"ದುಡಿಯೋದು ಹೊರಗ ಬಿದ್ದೈತೆ. ಸತ್ತಿದ್ದಕ್ಕೆ ಪೂಜೆ ಮಾಡ್ಬೇಕೇನ್ರಿ?" ಎಂದವಳೇ, ಅಷ್ಟನ್ನೂ ಹೊತ್ತು ತಂದು ಅವನ ಮಂಚದ ಮೇಲೆ ಪೇರಿಸಿದಳು.

"ನಾನೆಲ್ಲಿ ಮಲಗ್ಲಿ?"

"ವರಾಂಡದಾಗ. ರಿಪೇರಿ ಆಗೋದನ್ನ ಮಾಡಿಸ್ರಿ, ಉಳಿದಿದ್ದನ್ನ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಟ್ಟು ಬರ್ರಿ. ಅಲ್ಲೀತನಕ ಹೊಸದೇನೂ ತರಬ್ಯಾಡ್ರಿ."

ಮಷಿನ್ನನ್ನು ಕೋಣೆಯೊಳಗೆ ಎಳೆದುಕೊಂಡು, ಅವನೆದುರೇ ಅದಕ್ಕೆ ಚೆಂಡುಹೂವಿನ ಹಾರ ಹಾಕಿದಳು.