ಮೊಮ್ಮಗಳ ಕೈಯಿಂದ ಬೈಬಲ್ ಕಿತ್ತುಕೊಂಡವಳು ನಾನು

ಸಭೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಾಯಿ ಇಲ್ಲದ ಮಗೂನ ಸಾಕಿ, ನಾನೇ ಮನೆಯಿಂದ ಓಡಿಸಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಕಣ್ಣು ಮಂಜಾದ ಮೇಲೆ ಮೊಮ್ಮಗಳು ಎಸ್ತರ್ ನನಗೆ ಬೈಬಲ್ ಓದಿ ಹೇಳೋಳು. ತಿಪಟೂರಲ್ಲಿ ಬಿಎಸ್ಸಿಗೆ ಸೇರಿದಳು. ಹೋದ ಈಸ್ಟರ್ ರಜಕ್ಕೆ ಬಂದವಳು, ದೇವರು ಆರು ದಿನದಲ್ಲಿ ಲೋಕ ಮಾಡಿದ ಆದಿಕಾಂಡ ಓದ್ತಾ ಓದ್ತಾ ಅಂದಳು: "ಅಜ್ಜೀ, ನಮ್ಮ ತೋಟದ ಬಂಡೆಗೇ ಕೋಟಿಗಟ್ಟಲೆ ವರ್ಷ ಆಗೈತೆ. ಈ ಆರು ದಿನ ನಮ್ಮ ಗಡಿಯಾರದ ದಿನ ಅಲ್ಲ ಕಣಜ್ಜಿ. ಸೂರ್ಯನ್ನ ಮಾಡಿದ್ದೇ ನಾಲ್ಕನೇ ದಿನ ಅಂತ ಐತಲ್ಲ, ನೋಡು."

ಪುಸ್ತಕ ಕಿತ್ತುಕೊಂಡೆ. "ದೇವರ ಮಾತು ಸುಳ್ಳು ಅನ್ನೋ ಬಾಯಲ್ಲಿ ಇದನ್ನ ಓದಬ್ಯಾಡ, ನಡಿ ಆಚೆ" ಅಂದೆ.

ಮಧ್ಯಾಹ್ನದ ಬಸ್ಸಿಗೆ ಹೋದೋಳು ಕ್ರಿಸ್ಮಸ್ಸಿಗೂ ಬರಲಿಲ್ಲ. ಉಣ್ಣೋರಿಲ್ಲದ ಅವಳ ತಟ್ಟೇನ ದಿನಾ ತೊಳೆದು ಇಡ್ತಿದ್ದೆ. "ಸ್ವಾಮೀ, ಅವಳ ಬುದ್ಧಿ ತಿದ್ದು" ಅಂತ ಅಳ್ತಿದ್ದೆ. ಓದೋರಿಲ್ಲದೆ ಬೈಬಲ್ ಮುಚ್ಚಿದಂಗೇ ಇತ್ತು.

ತಡೀಲಾರದೆ ಒಂದಿನ, ಕೊಬ್ಬರಿ ಮಿಠಾಯಿ ಮಾಡಿ ಕಳಿಸೋಣ ಅಂತ ಅಟ್ಟದಿಂದ ಕಾಯಿ ಇಳಿಸಿ ಒಡೆದೆ. ನೀರು ಇಂಗಿ ಒಳಗೆ ಕೊಬ್ಬರಿ ಗಡಗಡ ಅನ್ನುತ್ತಾ ಅಂತ ಅಲ್ಲಾಡಿಸಿ ನೋಡೋದೂ ಮರೆತಿದ್ದೆ. ಎಲ್ಲದರೊಳಗೂ ಇನ್ನೂ ನೀರು. ಪಕ್ಕದ ಮನೆ ಸಿದ್ದಮ್ಮ ನಕ್ಕಳು: "ಏನಕ್ಕ, ನೀನೂ ಈ ಊರೋಳೇನಾ? ವರ್ಷ ಒಪ್ಪತ್ತು ಅಟ್ಟದ ಮೇಲೆ ಒಣಗದೆ ಕೊಬ್ಬರಿ ಆಯ್ತದಾ? ದೇವರು ನಿಧಾನಕ್ಕೆ ಮಾಡೋದನ್ನ ನಿನ್ನ ಆತುರಕ್ಕೆ ಒಡೀತೀಯಲ್ಲ!"

ಎದೆಗೆ ಏಟು ಬಿದ್ದಂಗಾಯ್ತು. ನಿಧಾನಕ್ಕೆ ಆಗುತ್ತೆ ಅಂತ ಕೊಬ್ಬರೀನ ದೇವರು ಕೊಟ್ಟಿಲ್ಲ ಅಂದಿದ್ದೀನಾ ನಾನು? ಭೂಮಿಗೆ ಬಹಳ ಕಾಲ ಹಿಡೀತು ಅಂದ ಮಗೂನ ಯಾಕೆ ಓಡಿಸಿದೆ? ಮಾಡಿದೋನು ಸ್ವಾಮಿ ಅನ್ನೋದನ್ನ ಅವಳು ಇಲ್ಲ ಅಂದೇ ಇರಲಿಲ್ಲ. ಅಲ್ಲೇ ಚಿಪ್ಪುಗಳ ನಡುವೆ ಮಂಡಿಯೂರಿ, "ತಿದ್ದಬೇಕಾದ್ದು ನನ್ನ, ಸ್ವಾಮೀ" ಅಂದೆ.

ಬರಿಗೈಲಿ ತಿಪಟೂರಿನ ಬಸ್ಸು ಹತ್ತಿದೆ. ಹಾಸ್ಟೆಲ್ ಗೇಟಿನಲ್ಲಿ "ತಪ್ಪಾಯ್ತು ಕಣವ್ವ" ಅನ್ನೋ ಮೊದಲೇ ಎಸ್ತರ್ ಓಡಿಬಂದು ತಬ್ಬಿಕೊಂಡಳು. "ದಿನಾ ಬೈಬಲ್ ಓದ್ತೀನಿ ಕಣಜ್ಜಿ. ನಿನಗೆ ಓದಿ ಓದಿ, ಒಬ್ಬಳೇ ಇದ್ರೂ ಜೋರಾಗೇ ಓದೋ ಅಭ್ಯಾಸ ಆಗಿಬಿಟ್ಟೈತೆ. ರೂಮಿನ ಹುಡುಗೀರು ಬೈತಾರೆ!"

ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಕಳಕೊಂಡ ಆ ತಿಂಗಳುಗಳು ವಾಪಸ್ ಬರಲ್ಲ, ಆ ಕೊರಗು ಐತೆ. ಆದ್ರೂ ಅವಳನ್ನ ತಿದ್ದು ಅಂದ್ರೆ ನನ್ನನ್ನೇ ತಿದ್ದಿ, ನಾನು ಕೇಳಿದ್ದಕ್ಕಿಂತ ದೊಡ್ಡದನ್ನೇ ಕೊಟ್ಟ ಸ್ವಾಮಿಗೆ ಕೋಟಿ ಸ್ತೋತ್ರ. ನಿಮ್ಮ ಮಕ್ಕಳು ಪ್ರಶ್ನೆ ಕೇಳಿದ್ರೆ ಬಾಗಿಲು ಹಾಕಬ್ಯಾಡ್ರಪ್ಪ. ಅವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.