ಇನ್ನೂರನೆಯ ಅಂಕಿ

ನಕ್ಷೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಕಟ್ಟಡ ಇಲಾಖೆಯಲ್ಲಿ ಕೂತು ಊರವರ ಸೇತುವೆ, ಚರಂಡಿಗಳ ನಕ್ಷೆ ಎಳೆದವರು. ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಹಾಳೆ ಹರಿದು ಹೊಸದಾಗಿ ಶುರುಮಾಡುವ ಆಸಾಮಿ. ನಿವೃತ್ತರಾದ ಮೇಲೆ ಶೇರು ವ್ಯಾಪಾರಕ್ಕೆ ಇಳಿದರು, ಮೊದಲ ವರ್ಷವೇ ಕೈ ಸುಟ್ಟುಕೊಂಡರು. ಒಂದು ದಿನ ಬೆಲೆ ಬಿತ್ತೆಂದು ಗಾಬರಿಯಾಗಿ ಎಲ್ಲ ಮಾರಿದರು. ಮುಂದಿನ ವಾರ ಅದೇ ಶೇರು ಏರಿ ಕೂತು ಇವರನ್ನು ಅಣಕಿಸಿತು. ಅವತ್ತಿನಿಂದ ಒಂದು ದಿನದ ಬೆಲೆಯನ್ನು ನಂಬುವುದು ಬಿಟ್ಟು ಸರಾಸರಿಯನ್ನು ನಂಬತೊಡಗಿದರು.

ಲೆಕ್ಕ ಸರಳ. ಇನ್ನೂರು ದಿನದ ಬೆಲೆ ಕೂಡಿ ಇನ್ನೂರರಿಂದ ಭಾಗಿಸಿದರೆ ಒಂದು ಚುಕ್ಕೆ. ಮರುದಿನ ಎಲ್ಲಕ್ಕಿಂತ ಹಳೆಯ ಬೆಲೆಯನ್ನು ಕಳೆದು ಹೊಸದನ್ನು ಸೇರಿಸಿದರೆ ಇನ್ನೊಂದು ಚುಕ್ಕೆ. ಚುಕ್ಕೆ ಜೋಡಿಸಿದರೆ ದೊಡ್ಡ ಗೆರೆ. ಐವತ್ತು ದಿನದ್ದು ಚಿಕ್ಕ ಗೆರೆ. ಚಿಕ್ಕದು ದೊಡ್ಡದನ್ನು ದಾಟಿ ಮೇಲೆ ಹೋದರೆ ಕೊಳ್ಳಬೇಕು, ಕೆಳಗಿಳಿದರೆ ಮಾರಬೇಕು. ದಲ್ಲಾಳಿಯ ಕಚೇರಿಯಲ್ಲಿ ಉಳಿದವರ ಫೋನುಗಳಲ್ಲಿ ಆರ್‌ಎಸ್‌ಐ, ಎಂಎಸಿಡಿ ಅಂತ ಬಣ್ಣಬಣ್ಣದ ಎಳೆಗಳು ತಾವಾಗಿ ಮೂಡುತ್ತಿದ್ದವು. ಇವರು ಮಾತ್ರ ಮನೆಯಲ್ಲಿ ಕಿಟಕಿ ಪಕ್ಕದ ಓರೆ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಪೆನ್ಸಿಲ್ಲಿನಲ್ಲಿ ಎಳೆಯುತ್ತಿದ್ದರು.

ಅಂಕಿ ಬರೆಯುವ ಕೆಲಸ ಹೆಂಡತಿಯದು. ಮಧ್ಯಾಹ್ನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಟಿವಿ ಮುಂದೆ ಕೂತು, ಅವತ್ತಿನ ಬೆಲೆಯನ್ನು ಉದ್ದ ಪುಸ್ತಕದಲ್ಲಿ ಗುಂಡುಗುಂಡಾಗಿ ಬರೆಯುವರು. ಗೆರೆಗಳಿಗೆ ಹೆಸರಿಟ್ಟವರೂ ಅವರೇ. ಭಾರವಾಗಿ ನಿಧಾನಕ್ಕೆ ಸಾಗುವ ದೊಡ್ಡದು ಅತ್ತೆ. ಅತ್ತಿತ್ತ ಕುಣಿಯುವ ಚಿಕ್ಕದು ಸೊಸೆ.

"ಸೊಸೆ ಮೇಲಾದ್ರೆ ಮನೆಗೆ ಲಾಭ ಅಂತ ನಿಮ್ಮ ಶಾಸ್ತ್ರಾನೇ ಹೇಳುತ್ತಲ್ಲ," ಅನ್ನುವರು. "ಇದನ್ನ ನಿಮ್ಮಮ್ಮ ಇದ್ದಾಗ ಯಾರೂ ಹೇಳ್ಲಿಲ್ಲ ನೋಡಿ."

ಹೀಗೆ ನಗುನಗುತ್ತಾ ಇದ್ದ ಹೆಂಗಸು ಒಂದು ದಿನ ರವಿಕೆ ಸಡಿಲವಾಗುತ್ತಿದೆ ಅಂದರು. ಔಷಧಿ ಅಂಗಡಿಯ ತಕ್ಕಡಿಯಲ್ಲಿ ನೋಡಿದರೆ ಎರಡು ಕಿಲೋ ಕಡಿಮೆ.

"ಡಾಕ್ಟರಿಗೆ ತೋರಿಸೋಣ್ವಾ?"

ಮೇಷ್ಟ್ರು ಹಾಳೆಯಿಂದ ಕಣ್ಣೆತ್ತಲಿಲ್ಲ. "ಒಂದು ದಿನದ ಇಳಿತಕ್ಕೆ ಹೆದರ್ತಾರೇನೇ? ಸರಾಸರಿ ಏನು ಹೇಳುತ್ತೆ ನೋಡೋಣ."

ತಮಾಷೆಗೆ ಅಂದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈ ಮಹಾನುಭಾವರು ನಿಜಕ್ಕೂ ಒಂದು ತಕ್ಕಡಿ ಕೊಂಡು ತಂದರು. ಹೊಸ ಹಾಳೆಯ ತಲೆಯ ಮೇಲೆ ಹೆಂಡತಿಯ ಹೆಸರು ಬರೆದರು. ಪ್ರತಿ ಸೋಮವಾರ ಬೆಳಿಗ್ಗೆ ತೂಕ, ಹಾಳೆಯ ಮೇಲೊಂದು ಚುಕ್ಕೆ. ಹದಿನಾರು ವಾರದ ಸರಾಸರಿ ತೆಗೆಯುವುದೆಂದು ತೀರ್ಮಾನವಾಯಿತು. ಹದಿನಾರು ವಾರದ ಸರಾಸರಿಯ ಮೊದಲ ಚುಕ್ಕೆ ಇಡಬೇಕಾದರೆ ಹದಿನಾರು ವಾರ ಕಾಯಲೇಬೇಕು. ಅದು ಅವರಿಗೆ ಗೊತ್ತಿತ್ತು, ಮತ್ತು ಅದರಲ್ಲೇನೂ ತಪ್ಪು ಕಾಣಲಿಲ್ಲ. ನಡುವೆ ಎರಡು ವಾರ ತೂಕ ಒಂದಿಷ್ಟು ಏರಿತು. "ನೋಡಿದ್ಯಾ," ಅಂದರು ಮೇಷ್ಟ್ರು. ಹೆಂಡತಿಗೂ ಸಮಾಧಾನವಾಯಿತು. ಗಂಡನ ಗೆರೆಗಳ ಮೇಲೆ ಆ ತಾಯಿಗೆ ಅಷ್ಟು ನಂಬಿಕೆ.

ಹದಿನಾರನೆಯ ಸೋಮವಾರ ಸರಾಸರಿಯ ಮೊದಲ ಚುಕ್ಕೆ ಇಟ್ಟರು. ಆ ವಾರದ ತೂಕದ ಚುಕ್ಕೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಎರಡರ ನಡುವೆ ಬಿಳಿ ಜಾಗ ಬಾಯಿ ತೆರೆದುಕೊಂಡಿತ್ತು. ಎದುರಿಗೆ ಹೆಂಡತಿ ಗೋಡೆ ಹಿಡಿದುಕೊಂಡು ತಕ್ಕಡಿಯಿಂದ ಇಳಿಯುತ್ತಿದ್ದರು. ಪ್ರತಿ ವಾರವೂ ಹಾಗೇ ಇಳಿದಿರಬೇಕು. ಇವರ ಕಣ್ಣು ಮುಳ್ಳಿನ ಮೇಲಿತ್ತು.

ಡಾಕ್ಟರಮ್ಮನ ಬಳಿಗೆ ಹಾಳೆಯನ್ನು ಸುರುಳಿ ಸುತ್ತಿ ಒಯ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆಕೆ ಇವರೊಬ್ಬರನ್ನೇ ಒಳಗೆ ಕರೆದು ಹಾಳೆ ಬಿಡಿಸಿದರು.

"ಇಷ್ಟು ಚೆನ್ನಾಗಿ ಬರೆದಿಟ್ಟಿದ್ದೀರ," ಅಂದರು. ಪೆನ್ನಿನ ತುದಿ ಮೂರನೆಯ ಚುಕ್ಕೆಯ ಮೇಲೆ ನಿಂತಿತು. "ಇಲ್ಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಯಾಕೆ ಕಾದ್ರಿ?"

ಮೂರನೆಯ ಚುಕ್ಕೆಯನ್ನು ಮೇಷ್ಟ್ರೇ, ಚೂಪು ಪೆನ್ಸಿಲ್ಲಿನಲ್ಲಿ, ಅಳತೆ ಹಿಡಿದು ಇಟ್ಟಿದ್ದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಂತ ಮೇಷ್ಟ್ರಿಗೆ ಈಗಲೂ ಅನ್ನಿಸುತ್ತದೆ. ಹಾಸಿಗೆ ಹಿಡಿದ ಮೇಲೂ ಪುಸ್ತಕ ಎದೆಯ ಮೇಲಿಟ್ಟುಕೊಂಡು ಅಂಕಿ ಬರೆಯುತ್ತಿದ್ದರು. ಒಂದೇ ಒಂದು ಸಲ, ಬರೆಯುತ್ತಾ ನಿಲ್ಲಿಸಿ, "ನಿಮ್ಮ ಅತ್ತೆ ತುಂಬಾ ನಿಧಾನ ಕಣ್ರೀ," ಅಂದರು. ಮತ್ತೆ ಆ ಮಾತು ಎತ್ತಲಿಲ್ಲ. ಕೊನೆಯ ಅಂಕಿ ಒಂದು ಬುಧವಾರದ್ದು. ಅದರಲ್ಲಿನ ನಾಲ್ಕು ಎಂಬ ಅಂಕೆ ಸಾಲು ಬಿಟ್ಟು ಕೆಳಕ್ಕೆ ಜಾರಿತ್ತು. ಗುರುವಾರದಿಂದ ಪುಸ್ತಕದಲ್ಲಿ ಮೇಷ್ಟ್ರ ಅಚ್ಚಿನಂಥ ಅಕ್ಷರ ಶುರುವಾಯಿತು.

ಆಕೆ ಹೋದ ಮೇಲೆ ಅವರು ವ್ಯಾಪಾರ ಬಿಟ್ಟರು. ಗೆರೆ ಬಿಡಲಿಲ್ಲ. ದಿನಾ ಹೊಸ ಬೆಲೆಯೊಂದನ್ನು ಸೇರಿಸಿ, ಹೆಂಡತಿ ಬರೆದ ಹಳೆಯದೊಂದನ್ನು ಕಳೆದರು. ಮೊದಮೊದಲು ಇನ್ನೂರರಲ್ಲಿ ಬಹುಪಾಲು ಆಕೆಯದೇ ಅಂತ ಧೈರ್ಯವಿತ್ತು. ಆಮೇಲೆ ಅರ್ಧಕ್ಕರ್ಧ. ಆಮೇಲೆ ಎಣಿಸಲು ಕೈಬೆರಳು ಸಾಕಾದವು. ಇವತ್ತು ಉಳಿದದ್ದು ಆ ಬುಧವಾರದ ಅಂಕಿ ಒಂದೇ. ಲೆಕ್ಕದ ಪ್ರಕಾರ ಇವತ್ತು ಅದೂ ಹೋಗಬೇಕು.

ಮಾರುಕಟ್ಟೆ ಮುಚ್ಚಿ ಎರಡು ಗಂಟೆಯಾದರೂ ಮೇಷ್ಟ್ರು ಪೆನ್ಸಿಲ್ಲು ಹಿಡಿದು ಸುಮ್ಮನೆ ಕೂತಿದ್ದರು. ಕೆಲಸ ಮುಗಿಸಿ ಬಂದ ಮಗಳು ಚೀಲ ಕೆಳಗಿಟ್ಟು ಪುಸ್ತಕ ನೋಡಿದಳು. ಅಮ್ಮನ ಜಾರಿದ ನಾಲ್ಕು ಕಂಡಿತು. ಅವಳಿಗೆ ಅರ್ಥವಾಯಿತು.

"ಅಪ್ಪ, ಅದೊಂದು ಇರ್ಲಿ ಬಿಡಿ. ಯಾರು ಕೇಳ್ತಾರೆ?"

"ಇದ್ರೆ ಗೆರೆ ಸುಳ್ಳಾಗುತ್ತಮ್ಮ."

"ಆಗ್ಲಿ ಬಿಡಿ."

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಸೊಟ್ಟ ಗೆರೆ ಉಳಿಸಿಕೊಂಡು ಅವರಿಗೆ ಬಾಳಲು ಬಾರದು. ಬಂದಿದ್ದರೆ ಎರಡು ಕಿಲೋ ಇಳಿದ ದಿನವೇ ಹೆಂಡತಿಯ ಕೈ ಹಿಡಿದು ಆಸ್ಪತ್ರೆಗೆ ನಡೆಯುತ್ತಿದ್ದರು. ಬುಧವಾರದ ಅಂಕಿ ಕಳೆದರು. ಇವತ್ತಿನದು ಕೂಡಿದರು. ಭಾಗಿಸಿದರು. ತಪ್ಪಿರಬಹುದೆಂದು ಮತ್ತೊಮ್ಮೆ ಭಾಗಿಸಿದರು. ಹೋದ ಬೆಲೆಯೂ ಬಂದ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಗೆರೆ ಇವತ್ತಾದರೂ ಗ್ರಾಫಿನ ಒಂದು ಮನೆ ಕೆಳಗೆ ಬೀಳಲಿ ಅಂತ ಅವರ ಜೀವ ಬಯಸಿತ್ತು.

ನಿನ್ನೆಯ ಚುಕ್ಕೆಯ ಪಕ್ಕದಲ್ಲಿ, ಅದೇ ಎತ್ತರಕ್ಕೆ, ಇವತ್ತಿನ ಚುಕ್ಕೆ ಇಟ್ಟರು.

"ಏನಾಯ್ತು ಅಪ್ಪ?" ಮಗಳು ಕೇಳಿದಳು.

"ಏನೂ ಆಗ್ಲಿಲ್ಲ," ಅಂದರು ಮೇಷ್ಟ್ರು. "ನೋಡು, ಒಂದು ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ."